ಗುರಿಹಾಳಿ

ಗದಗಿನ ನಮ್ಮ ಪ್ರೆಸ್ಸಿನ್ಯಾಗ ಲಗ್ನಪತ್ರ, ಬಿಲ್ ಬುಕ್,
ಸಹಕಾರಿ ಸಂಘದ ವರದಿ ಎಲ್ಲಾ ಮುಗದ ಮ್ಯಾಲೆ
ಉಳಿದ ಹೊತ್ತಿನ್ಯಾಗ ನಾನು ಗುರಿಹಾಳಿ ಅಚ್ಚುಹಾಕತೇನಿ:
ಕರೀ ಗುಂಡು, ಒಂದರೊಳಗೊಂದು ಹತ್ತು ಉಂಗುರ.
ತೂತು ಬೀಳಲಿ ಅಂತನ ಅಚ್ಚಾಗೂ ಹಾಳಿ
ನಮ್ಮಲ್ಲೆ ಇದೊಂದ.

ಐತವಾರ ಕಟ್ಟು ಕಟಗೊಂಡು ಹುಬ್ಬಳ್ಳಿಗೆ.
ಗಬ್ಬೂರ ದಾಟಿ ಹಳೇ ಕಲ್ಲುಖಣಿ, ಹಿಂದ ಎರಿಮಣ್ಣಿನ ಒಡ್ಡು,
ತಗಡಿನ ನೆರಳು, ಎರಡು ಬೆಂಚು,
ಮತ್ತ ಅದ ಜಗಳ.

ಹಲ್ಲಿನ ಡಾಕ್ಟರ್ ನಸ್ರೀನ್ ಕಿತ್ತೂರ ಅವರದು ಪಿಸ್ತೂಲು.
"ಒಮ್ಮೆ ಮ್ಯಾಗಜೀನ್ ಏರಿಸಿದರ ಮುಗೀತು.
ತಾನ ತುಂಬಕೊಂತೈತಿ, ತಾನ ಖಾಲಿ ಕವಚ ಉಗುಳತೈತಿ.
ನನಗ ಉಳಿಯೂ ಕೆಲಸ ಒಂದ, ನೋಡೂದು."

ಶಿಗ್ಗಾಂವಿ ಠಾಣೆದಾಗ ರಿಟೈರಾದ ಯಲ್ಲನಗೌಡ ಹೊಸಮನಿ
ರಿವಾಲ್ವರ್ ಒರಸಕೋತ ನಗತಾರ.
"ಉಗುಳೂದು ಖರೆ. ಹೋದ ತಿಂಗಳ ಇವನ ಕಾಲರಿನ್ಯಾಗ
ಬಿಸಿ ಕವಚ ಬಿದ್ದು ಹೆಂಗ ಕುಣದ!
ಮಣಿಕಟ್ಟು ಸಡಲ ಹಿಡದರ ಅದಕ್ಕ ಸಿಟ್ಟು,
ಕವಚ ಬಾಯಾಗ ಸಿಕ್ಕು ನಿಂತಬಿಡತೈತಿ
ಮಾಳಿಗಿ ಮ್ಯಾಲಿನ ಹೊಗೆಕೊಳವಿಹಂಗ."

ನನಗ ಎರಡೂ ಗೊತ್ತು.
ಆಫ್‌ಸೆಟ್ ಮಶೀನು ಪಿಸ್ತೂಲು, ಹಾಳಿ ತಾನ ಜಗ್ಗತೈತಿ,
ಸಿಕ್ಕೊಂಡಾಗ ಮಾತ್ರ ಹೊಟ್ಟಿ ಬಿಚ್ಚಬೇಕು.
ಟ್ರೆಡಲ್ಲು ರಿವಾಲ್ವರು,
ಕೈಲೆ ಇಟ್ಟು ಕೈಲೆ ತಗೀಬೇಕು,
ಪ್ರತಿ ಸಲ ಇಡೀ ಭಾರ ಕಾಲಾಗ.
ಗುರಿಹಾಳಿ ನಾ ಟ್ರೆಡಲ್ಲಿನ್ಯಾಗ ತಗೀತೇನಿ,
ಉಂಗುರಕ್ಕ ಜಸ್ತದ ಬ್ಲಾಕು, ಅಂಕಿಗೆ ಸೀಸದ ಮೊಳಿ.
ನನ್ನ ಮೊಳಿನೂ ಸೀಸ, ಅವರ ಗುಂಡೂ ಸೀಸ.

ಗೌಡರ ಕೈ ಈಗೀಗ ನಡಗತೈತಿ.
ಆ ಕುದುರಿ ಉದ್ದಕ ಜಗ್ಗಬೇಕು, ತುಂಬಿದ ಕೊಡದ ಹಗ್ಗಧಂಗ.
ಹೆಬ್ಬೆರಳಿಲೆ ಸುತ್ತಿಗಿ ಹಿಂದಕ್ಕೆಳಕೋರಿ, ಹಗುರಾಗತೈತಿ
ಅಂದರ ಅದಕ್ಕೂ ಒಲ್ಲೆ.
ಗುಂಡು ಎಡಕ್ಕ ಜಾರತಾವ, ಒಂಚೂರು ತೆಳಗ.
"ನನ್ನ ಪಿಸ್ತೂಲ ಹಿಡದು ನೋಡ್ರಿ ಗೌಡರ."
"ಎಷ್ಟು ಉಳದಾವಂತ ಅದಕ್ಕ ಗೊತ್ತು, ನನಗ ಗೊತ್ತಾಗಂಗಿಲ್ಲ.
ಇದರಾಗ ಆರು. ಗಾಲಿ ಬಿಚ್ಚಿದರ ಆರೂ ಮಾರಿ ಕಾಣತಾವ."

ಆ ಐತವಾರ ಸ್ಕೋರ್ ಬರಿಯೂ ಹುಡುಗ ಮೌನೇಶ
ಗೌಡರ ಹಾಳಿ ನೋಡಿ ಕೂಗಿದ:
ಒಂಬತ್ತು, ಒಂಬತ್ತು, ಏಳು, ಒಂಬತ್ತು,
ಐದು, ಮತ್ತ ಒಂಬತ್ತು.
ಗೌಡರು ಮೀಸಿ ಮ್ಯಾಲೆ ಕೈ ಇಟ್ಟರು.
"ನೋಡ್ರಿ ಡಾಕ್ಟರ, ಮುದುಕಿಗೆ ಇನ್ನೂ ಹಲ್ಲದಾವ."

ನಸ್ರೀನ್ ಹಾಳಿ ಇಸಕೊಂಡು ಬಿಸಲಿಗೆ ಹಿಡದರು.
ಆರು ತೂತಿನ್ಯಾಗಿಂದ ಆರು ಬೆಳಕು
ಅವರ ಮಾರಿ ಮ್ಯಾಲೆ ಬಿದ್ದವು.
ಒಮ್ಮೆ ನನ್ನ ಕಡೆ ನೋಡಿದರು.
ಏನೂ ಅನ್ನಲಿಲ್ಲ.
ನಾಕು ಮಡಿಕಿ ಮಾಡಿ ಪರ್ಸಿನ್ಯಾಗ ಇಟಗೊಂಡರು.

ಅಣ್ಣಿಗೇರಿ ಸ್ಟ್ಯಾಂಡಿನ್ಯಾಗ ಬಸ್ಸು ನಿಂತಾಗ ನನಗ ಹೊಳೀತು.
ಎಡಗಡೆ ಸಾಲಿನ್ಯಾಗ
ಆರರ ಮೊಳಿ ತಲಿಕೆಳಗ ಕೂತೈತಿ.
ಐದು, ಒಂಬತ್ತು, ಏಳು.
ಮುನ್ನೂರು ಹಾಳಿ.

ಬುಧವಾರ ಗೌಡರು ಪ್ರೆಸ್ಸಿಗೆ ಬಂದರು.
ಚಹಾ ಒಲ್ಲೆ ಅಂದರು.
ತೂತಿಲ್ಲದ ಒಂದು ಹಾಳಿ ಟೇಬಲ್ ಮ್ಯಾಲೆ ಹಾಸಿ
ಉಗುರಿಲೆ ಆ ಅಂಕಿ ಒತ್ತಿದರು.
"ಮೂವತ್ತು ವರ್ಷ ಖೊಟ್ಟಿ ಸಹಿ ನೋಡಿದ ಕಣ್ಣಿದು.
ಡಾಕ್ಟರಿಗೆ ಗೊತ್ತೈತಿ ಅಂತನೂ ಗೊತ್ತು. ಇರಲಿ.
ನನ್ನ ಗಾಲಿಯಾಗ ಇರೂದ ಆರು, ತಮ್ಮಾ.
ಆರು, ಆರ ಇರಲಿ."

ಚಿಮಟದಿಂದ ಮೊಳಿ ಎತ್ತಿ ತಿರುವಿ ಇಟ್ಟೆ.
ಅವರು ಕನ್ನಡಕ ತಗದು, ಬಗ್ಗಿ, ನೋಡಿ,
ಹೂಂ ಅಂದು ಹೋದರು.

ಮುಂದಿನ ಐತವಾರ ಆರು, ಐದು, ಆರು, ಏಳು.
ಒಂದು ಹಾಳಿಗೇ ತಾಗಲಿಲ್ಲ.
ಇನ್ನೊಂದರ ಬಗ್ಗೆ ಮೌನೇಶ ತಡವರಿಸಿದ,
"ಐದು ಬರಿ," ಅಂದರು.
ನಸ್ರೀನ್ ಬಗ್ಗಿಕೊಂಡು ಹುಲ್ಲಿನ್ಯಾಗ
ತಮ್ಮ ಪಿಸ್ತೂಲು ಉಗುಳಿದ ಕವಚ ಹುಡುಕತಿದ್ದರು.
ಗೌಡರು ಗಾಲಿ ಬಿಚ್ಚಿ, ಕೊಳವಿ ಮ್ಯಾಲೆತ್ತಿ,
ಎಲ್ಲಾ ಕವಚ ಅಂಗೈಗೆ ಸುರುವಿಕೊಂಡು
ಸುಮ್ಮನ ನಿಂತರು,
ಆರೂ ಆರೂ ತನಕ.